ಗಂಗಾಮೂಲದಿಂದ ಚೌಪಾಟಿಗೆ: ಪಂಡಿತಾ ರಮಾಬಾಯಿಯವರ ಪುಸ್ತಕಗಳ ದಾರಿ

ಪಂಡಿತಾ ರಮಾಬಾಯಿ ಎಂದೊಡನೆ ನಮಗೆ ನೆನಪಾಗುವುದು ಸಮಾಜ ಸುಧಾರಕಿ. ಅವರು ಪುಸ್ತಕ ಬರೆದು, ಅಚ್ಚು ಹಾಕಿಸಿ, ಮಾರಿ, ಬಂದ ಹಣದಿಂದ ಬದುಕಿನ ಮುಂದಿನ ಹೆಜ್ಜೆ ಇಟ್ಟವರು ಎಂಬ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. ಮುಂಬಯಿ ಕನ್ನಡತಿಯರಾದ ನಾವು ಅವರನ್ನು ನೆನೆಯಲು ಇನ್ನೊಂದು ಕಾರಣವೂ ಇದೆ. ಅವರು 1858ರಲ್ಲಿ ಹುಟ್ಟಿದ್ದು ತುಂಗಾ, ಭದ್ರಾ, ನೇತ್ರಾವತಿಯರ ಉಗಮಸ್ಥಾನವಾದ ನಮ್ಮ ಗಂಗಾಮೂಲದ ಕಾಡಿನಲ್ಲಿ.

ಮನೆಮಾತು ಮರಾಠಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಪಂಡಿತರ ವಿರೋಧವನ್ನು ಲೆಕ್ಕಿಸದೆ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಆ ತಾಯಿಯೇ ಮಗಳಿಗೆ ಗುರು. ಕುಟುಂಬ ಊರೂರು ಅಲೆಯುತ್ತ ದೇವಸ್ಥಾನಗಳಲ್ಲಿ ಪುರಾಣ ಓದಿ ಹೊಟ್ಟೆ ಹೊರೆಯುತ್ತಿತ್ತು. ಕೇಳುವವರು ಕೊಟ್ಟಷ್ಟೇ ಸಂಪಾದನೆ. ಓದುಗರ ನಾಡಿ ಹಿಡಿಯುವುದನ್ನು ರಮಾಬಾಯಿ ಅಲ್ಲಿಯೇ ಕಲಿತಿರಬೇಕು ಎಂದು ನನ್ನ ಊಹೆ. ಬರಗಾಲ ತಂದೆ ತಾಯಿಯನ್ನು ಬಲಿ ತೆಗೆದುಕೊಂಡಿತು. 1878ರಲ್ಲಿ ಅಣ್ಣನೊಡನೆ ಕಲ್ಕತ್ತ ತಲುಪಿದ ಹುಡುಗಿಗೆ ಅಲ್ಲಿನ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಬಿರುದಿನಿಂದ ಹೊಟ್ಟೆ ತುಂಬುತ್ತದೆಯೇ? 1882ರಲ್ಲಿ ಗಂಡ ತೀರಿಕೊಂಡಾಗ ಅವರ ಕೈಯಲ್ಲಿ ಇನ್ನೂ ವರ್ಷ ತುಂಬದ ಮಗಳು ಮನೋರಮಾ.

ಅದೇ ವರ್ಷ ಪುಣೆಗೆ ಬಂದು ಮರಾಠಿಯಲ್ಲಿ ‘ಸ್ತ್ರೀಧರ್ಮನೀತಿ’ ಬರೆದರು. ಇಂದು ಓದಿದರೆ ಅದರಲ್ಲಿ ಉಪದೇಶ ಸ್ವಲ್ಪ ಹೆಚ್ಚೇ ಎನಿಸುತ್ತದೆ. ಆದರೆ ಮರುವರ್ಷ ಇಂಗ್ಲೆಂಡಿಗೆ ಹಡಗು ಹತ್ತಲು ನೆರವಾದದ್ದು ಆ ಪುಸ್ತಕದ ಹಣ. ಅಲ್ಲಿ ಅವರು ಕ್ರೈಸ್ತರಾದರು. ಊರಿನ ಅನೇಕ ಬೆಂಬಲಿಗರು ದೂರವಾದರು.

1886ರಲ್ಲಿ ಬಂಧು ಆನಂದೀಬಾಯಿ ಜೋಶಿಯವರು ವೈದ್ಯಕೀಯ ಪದವಿ ಪಡೆಯುವುದನ್ನು ನೋಡಲು ಫಿಲಡೆಲ್ಫಿಯಾಕ್ಕೆ ಹೋದ ರಮಾಬಾಯಿ, ಮರುವರ್ಷ ಅಲ್ಲಿಯೇ ‘ದಿ ಹೈ ಕಾಸ್ಟ್ ಹಿಂದೂ ವುಮನ್’ ಪ್ರಕಟಿಸಿದರು. ಅರ್ಪಣೆ ತಾಯಿಗೆ. ಮುನ್ನುಡಿ ಆನಂದೀಬಾಯಿ ಓದಿದ ವೈದ್ಯಕೀಯ ಕಾಲೇಜಿನ ಡೀನ್ ರೇಚೆಲ್ ಬಾಡ್ಲಿ ಅವರದು. ಪುಸ್ತಕದ ಕೊನೆಯಲ್ಲಿ ಓದುಗರ ಮುಂದೆ ನೇರವಾದ ಕೋರಿಕೆ: ಬಾಲವಿಧವೆಯರ ಶಾಲೆಗೆ ಸಹಾಯ ಮಾಡಿ. ನಮ್ಮ ಐಟಿ ಮಂದಿಯ ಭಾಷೆಯಲ್ಲಿ ಇದು ಅಪ್ಪಟ ಕ್ರೌಡ್‌ಫಂಡಿಂಗ್! ಸುಮಾರು 9000 ಪ್ರತಿಗಳು ಬೇಗನೆ ಖರ್ಚಾದವು. ಊರಿಂದೂರಿಗೆ ಭಾಷಣ ಮಾಡುತ್ತ ಹೋದರು, ಪುಸ್ತಕವೂ ಜೊತೆಗೇ ಹೋಯಿತು. 1887ರ ಡಿಸೆಂಬರಿನಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ರಮಾಬಾಯಿ ಅಸೋಸಿಯೇಷನ್ ಹತ್ತು ವರ್ಷ ಶಾಲೆಯ ಖರ್ಚು ನೋಡಿಕೊಳ್ಳಲು ಒಪ್ಪಿತು.

1889ರ ಮಾರ್ಚ್ 11ರಂದು ನಮ್ಮ ಚೌಪಾಟಿಯ ಬಳಿ ‘ಶಾರದಾ ಸದನ’ ತೆರೆಯಿತು. ಆಗ ಅಲ್ಲಿ ವಿದ್ಯಾರ್ಥಿನಿಯರು ಬೆರಳೆಣಿಕೆಯಷ್ಟೇ. ಅದೇ ವರ್ಷ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಿಂದ ಅವರ ಅಮೆರಿಕ ಪ್ರವಾಸದ ಮರಾಠಿ ಪುಸ್ತಕ ಹೊರಬಂತು. ಇಂಗ್ಲಿಷಿನಲ್ಲಿ ಅಮೆರಿಕದವರಿಗೆ ನಮ್ಮ ಕಥೆ, ಮರಾಠಿಯಲ್ಲಿ ನಮ್ಮವರಿಗೆ ಅಮೆರಿಕದ ಕಥೆ. ಯಾರಿಗೆ ಏನು ಹೇಳಬೇಕೆಂದು ಚೆನ್ನಾಗಿ ಗೊತ್ತಿದ್ದ ಲೇಖಕಿ.

ಮರುವರ್ಷವೇ ಸದನ ಪುಣೆಗೆ ಹೋಯಿತು. ಅಲ್ಲಿ ಮತಾಂತರದ ಗಲಾಟೆಯೂ ಎದ್ದಿತು. ಸದನದ ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ 1893ರಲ್ಲಿ ಧೋಂಡೊ ಕೇಶವ ಕರ್ವೆಯವರನ್ನು ಮದುವೆಯಾದರು. ಕರ್ವೆಯವರು 1916ರಲ್ಲಿ ಕಟ್ಟಿದ ಮಹಿಳಾ ವಿಶ್ವವಿದ್ಯಾಲಯವೇ ಇಂದಿನ ಚರ್ಚ್‌ಗೇಟಿನ ಎಸ್‌ಎನ್‌ಡಿಟಿ.

ಕೊನೆಗಾಲದಲ್ಲಿ ರಮಾಬಾಯಿ ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ತಮ್ಮದೇ ಮುದ್ರಣಾಲಯ ನಡೆಸಿದರು. ಆಶ್ರಮದ ಹೆಂಗಸರೇ ಮೊಳೆ ಜೋಡಿಸುವವರು, ಅಚ್ಚು ಹಾಕುವವರು. ಮೂಲ ಹೀಬ್ರೂ, ಗ್ರೀಕ್ ಕಲಿತು ಅವರು ಮಾಡಿದ ಬೈಬಲ್‌ನ ಮರಾಠಿ ಅನುವಾದವೂ ಆ ಕೈಗಳಲ್ಲೇ ಅಚ್ಚಾಯಿತು. 1924ರಲ್ಲಿ ಅದು ಪೂರ್ಣವಾಗಿ ಹೊರಬಂದಾಗ ಲೇಖಕಿ ತೀರಿಹೋಗಿ ಎರಡು ವರ್ಷವಾಗಿತ್ತು.