ಎಣ್ಣೆಯ ಪದರ, ನೆಲದ ನಡುಕ

ಬಾಗಿಲಿನ ಕೀಲು ಕಿರುಗುಟ್ಟಿದರೆ ಎರಡು ಹನಿ ಎಣ್ಣೆ ಬಿಡುತ್ತೇವೆ, ಸದ್ದು ಅಡಗುತ್ತದೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುವುದೂ ಹಳೆಯ ರೂಢಿಯೇ. ಆದರೆ ಎಣ್ಣೆ ಅಲ್ಲಿ ಮಾಡುವ ಕೆಲಸವಾದರೂ ಏನು? ಅದು ತಿಳಿದದ್ದು ಈಚೆಗೆ, ಅದೂ ಆಕಸ್ಮಿಕವಾಗಿ.

ಘರ್ಷಣೆಯ ನಿಯಮಗಳನ್ನು ಮೊದಲು ಗುರುತಿಸಿದವನು ಲಿಯೊನಾರ್ಡೊ ಡ ವಿಂಚಿ. ಅವನ ಟಿಪ್ಪಣಿಗಳು ಬಹುಕಾಲ ಬೆಳಕು ಕಾಣಲಿಲ್ಲ. 1699ರಲ್ಲಿ ಫ್ರಾನ್ಸಿನ ಅಮೊಂತೊನ್ ಅವನ್ನೇ ಮತ್ತೆ ಕಂಡುಕೊಂಡ: ಭಾರ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು, ತಾಗುವ ಮೈಯ ವಿಸ್ತಾರಕ್ಕೂ ಅದಕ್ಕೂ ಸಂಬಂಧವಿಲ್ಲ. 1785ರಲ್ಲಿ ಕೂಲಂಬ್ ಇನ್ನೊಂದು ಮಾತು ಸೇರಿಸಿದ: ಮರದ ತುಂಡುಗಳು ಹೆಚ್ಚು ಹೊತ್ತು ತಾಗಿ ನಿಂತಷ್ಟೂ ಅವನ್ನು ಕದಲಿಸುವುದು ಕಷ್ಟ.

1883ರಲ್ಲಿ ಇಂಗ್ಲೆಂಡಿನ ಬೀಚಮ್ ಟವರ್ ರೈಲ್ವೆ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದ. ಎಣ್ಣೆ ಹಾಕಲೆಂದು ಬೇರಿಂಗಿನ ನೆತ್ತಿಯಲ್ಲಿ ತೂತು ಕೊರೆದರೆ, ಅಚ್ಚು ತಿರುಗಿದೊಡನೆ ಎಣ್ಣೆಯೇ ಮೇಲಕ್ಕೆ ಉಕ್ಕಿತು. ಬೂಚು ಬಡಿದರೆ ಅದನ್ನೂ, ಮರದ ಬೆಣೆ ಬಡಿದರೆ ಅದನ್ನೂ ಹೊರದಬ್ಬಿತು. ಭಾರವನ್ನು ಹೊತ್ತಿದ್ದದ್ದು ಲೋಹವಲ್ಲ, ಎಣ್ಣೆಯ ತೆಳುಪದರ! ಈ ಪದರದೊಳಗಿನ ಒತ್ತಡದ ಲೆಕ್ಕವನ್ನು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಸಮೀಕರಣವಾಗಿ ಬರೆದ. ಎಂಜಿನಿಯರುಗಳಿಗೆ ಅದು ಇಂದಿಗೂ ಆಧಾರ.

ಆದರೆ ಪದರ ಕೆಲವೇ ಅಣುಗಳಷ್ಟು ತೆಳುವಾದರೆ ಈ ಲೆಕ್ಕ ಕೈಕೊಡುತ್ತದೆ. ನಯವಾದ ಅಭ್ರಕದ ಹಾಳೆಗಳ ನಡುವೆ ದ್ರವವನ್ನು ಒತ್ತಿ ಜಾಕೋಬ್ ಇಸ್ರೇಲಾಚ್ವಿಲಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಕಂಡದ್ದು ಇದನ್ನೇ. ಅಣುಗಳು ಸಾಲುಗಟ್ಟಿ ನಿಂತು ದ್ರವ ಘನದಂತೆ ಬಿಗಿಯುತ್ತದೆ. ಎಳೆತ ಮಿತಿಮೀರಿದಾಗ ತಟ್ಟನೆ ಜಾರುತ್ತದೆ. ಎಳೆತ ಇಳಿದೊಡನೆ ಮತ್ತೆ ಅಂಟುತ್ತದೆ. 1990ರಲ್ಲಿ ಥಾಂಪ್ಸನ್ ಮತ್ತು ರಾಬಿನ್ಸ್ ಕಂಪ್ಯೂಟರಿನಲ್ಲಿ ಇದರ ಮಾದರಿ ಕಟ್ಟಿದರು. ಅದರಲ್ಲಿ ಅಂಟಿದಾಗ ಪದರ ಹೆಪ್ಪುಗಟ್ಟುತ್ತಿತ್ತು, ಜಾರುವಾಗ ಕರಗುತ್ತಿತ್ತು.

ಅಂಟಿ ಜಾರುವ ಈ ಆಟ ಬಾಗಿಲಿಗಷ್ಟೇ ಸೀಮಿತವಲ್ಲ. ಪಿಟೀಲಿನ ತಂತಿ ನುಡಿಯುವುದೂ ಹೀಗೆಯೇ. ಭೂಕಂಪವೂ ಇದೇ ಬಗೆಯದೆಂದು 1966ರಲ್ಲಿ ಬ್ರೇಸ್ ಮತ್ತು ಬೈರ್ಲಿ ಸೂಚಿಸಿದರು: ಬಿರುಕಿನ ಎರಡೂ ಬದಿಯ ಬಂಡೆಗಳು ವರ್ಷಗಟ್ಟಲೆ ಅಂಟಿ ನಿಂತು, ಕೂಡಿಟ್ಟ ಬಲವನ್ನು ಒಮ್ಮೆಲೇ ಬಿಡುತ್ತವೆ. ಮುಂದೆ ಡೀಟರಿಕ್ ಮತ್ತು ರುಯಿನಾ ರೂಪಿಸಿದ ನಿಯಮದಲ್ಲಿ ಘರ್ಷಣೆ ಜಾರುವ ವೇಗವನ್ನಷ್ಟೇ ಅಲ್ಲ, ತಾಗಿ ನಿಂತ ಕಾಲವನ್ನೂ ಅವಲಂಬಿಸುತ್ತದೆ. ಕೂಲಂಬನ ಹಳೆಯ ಮಾತು ಹೀಗೆ ಮರಳಿ ಬಂತು.

ನೆಲ ನಡುಗುವ ದಿನವನ್ನು ಈ ಮಾದರಿಗಳು ಹೇಳಲಾರವು. ಆದರೆ ಅದು ಏಕೆ ಅಷ್ಟು ದಿನ ಸುಮ್ಮನಿದ್ದು ಒಮ್ಮೆಗೇ ಸಿಡಿಯುತ್ತದೆ ಎಂಬುದನ್ನು ಹೇಳಬಲ್ಲವು. ಮೌನವಾಗಿರುವ ಬಿರುಕು ಸುರಕ್ಷಿತವೆಂದು ಬಗೆಯಬಾರದೆಂಬ ಪಾಠ ಅದರಲ್ಲಿಯೇ ಇದೆ.