ಪ್ರಶ್ನೆಗೆ ಮಣೆ ಹಾಕಿದ ವಿಜ್ಞಾನಿ

ದೂರದರ್ಶನದ ಚರಿತ್ರೆಯನ್ನು ನಗರಗಳ ಚರಿತ್ರೆಯೆಂದು ಬಗೆಯುವವರೇ ಹೆಚ್ಚು. ಆದರೆ ಕೇಳುಗರೆ, ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು ಆರಂಭವಾದುದು 1981ರ ನವೆಂಬರ್ 1ರಂದು. ಅದಕ್ಕೆ ಆರು ವರ್ಷಗಳಷ್ಟು ಮೊದಲೇ, 1975ರ ಆಗಸ್ಟ್ 1ರಂದು, ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಆಯ್ದ ಹಳ್ಳಿಗಳಿಗೆ ದೂರದರ್ಶನವು ಆಕಾಶದಿಂದಲೇ ಇಳಿದುಬಂದಿತ್ತು. ರಾಜಧಾನಿಗಿಲ್ಲದ ಭಾಗ್ಯವು ಬರದ ನಾಡಿಗೆ ಮೊದಲು ಒದಗಿದ ಆ ಪ್ರಸಂಗದ ಚುಕ್ಕಾಣಿ ಹಿಡಿದವರು ಪ್ರೊಫೆಸರ್ ಯಶ್‌ಪಾಲರು. ಮುಂದೆ ತಾವೇ ದೂರದರ್ಶನದ ಅತ್ಯಂತ ವರ್ಣರಂಜಿತ ವ್ಯಕ್ತಿಗಳಲ್ಲಿ ಒಬ್ಬರಾಗಿ ಮನೆಮನೆಯ ಪರಿಚಯ ಪಡೆದ ಆ ವಿಜ್ಞಾನಿಯನ್ನು ಈ ಹೊತ್ತು ನೆನೆಯಬೇಕೆನಿಸಿದೆ.

ಯಶ್‌ಪಾಲರು ಜನಿಸಿದ್ದು 1926ರಲ್ಲಿ, ಇಂದು ಪಾಕಿಸ್ತಾನದಲ್ಲಿರುವ ಝಂಗ್‌ನಲ್ಲಿ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ವಿಶ್ವಕಿರಣಗಳನ್ನು ಅಭ್ಯಸಿಸುತ್ತಿದ್ದ ಅವರು 1973ರಲ್ಲಿ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ನಿರ್ದೇಶಕರಾದರು. ಉಪಗ್ರಹದ ಮೂಲಕ ಹಳ್ಳಿಗೆ ಶಿಕ್ಷಣ ಮುಟ್ಟಿಸಬೇಕೆಂಬುದು ವಿಕ್ರಮ್ ಸಾರಾಭಾಯಿಯವರ ಕನಸು. ಅವರು 1971ರಲ್ಲಿ ತೀರಿಕೊಂಡ ಮೇಲೆ ಆ ಕನಸನ್ನು ನೆಲಕ್ಕೆ ತರುವ ಹೊಣೆಯು ಯಶ್‌ಪಾಲರ ಹೆಗಲೇರಿತು. ‘ಸೈಟ್’ ಎಂಬ ಹೆಸರಿನ ಆ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಒಳಗೊಂಡಿತ್ತು. ಉಪಗ್ರಹ ಅಮೆರಿಕದ್ದು, ಅದನ್ನು ಆಫ್ರಿಕದ ನೆತ್ತಿಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಲ್ಲಿಸಿದ್ದರು. ಆದರೆ ಹಳ್ಳಿಯ ಮಾಳಿಗೆಯ ಮೇಲೆ ಕುಳಿತ ಹತ್ತಡಿಯ ಗ್ರಾಹಕ ನಮ್ಮದೇ; ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಹೆಣೆದದ್ದು. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆಲ್ಲ ಒಕ್ಕಲುತನ, ಆರೋಗ್ಯ, ವಾರ್ತೆ, ಹಾಡು.

ನಾನಾಗ ಬಬಲೇಶ್ವರದಲ್ಲಿ ಹೈಸ್ಕೂಲು ಹುಡುಗ. ಸೋದರಮಾವನ ಊರಿನ ಶಾಲೆಯಲ್ಲಿ ಆ ಪೆಟ್ಟಿಗೆಯನ್ನು ಮೊದಲು ಕಂಡೆ. ಅಂಗಳದ ತುಂಬ ಜನ; ಮುಂದೆ ಮಕ್ಕಳು, ಹಿಂದೆ ಗಂಡಸರು, ಗೋಡೆಯ ಮಗ್ಗುಲಿಗೆ ಸೆರಗು ಹೊದ್ದ ಹೆಂಗಸರು. ಯಾರೋ ಒಬ್ಬರು ತೆರೆಯ ಮೇಲೆ ಜೋಳದ ಬೀಜದ ಮಾತಾಡುತ್ತಿದ್ದರು. ಮುದುಕಿಯೊಬ್ಬಳು ನನ್ನ ಭುಜ ತಟ್ಟಿ, “ತಮ್ಮಾ, ನಾವು ಕೇಳಿದ್ದು ಆ ಮನಶ್ಯಾಗ ಕೇಳಸ್ತೈತೇನೋ?” ಎಂದಳು. ನಾನು ನಕ್ಕುಬಿಟ್ಟೆ. ಅಕ್ಷರ ಕಲಿತವನೆಂಬ ಗರ್ವದ ನಗೆ ಅದು.

1976ರ ಜುಲೈ 31ಕ್ಕೆ ಒಪ್ಪಂದದ ಅವಧಿ ಮುಗಿಯಿತು. ಉಪಗ್ರಹ ಅಮೆರಿಕದತ್ತ ಮರಳಿತು. ಮರುವರ್ಷ ಗುಲ್ಬರ್ಗಾದಲ್ಲಿ ಪ್ರಸಾರ ಕೇಂದ್ರವಾಯಿತು. ಮಾವನ ಊರಿನ ಪೆಟ್ಟಿಗೆ ಮಾತ್ರ ಮೂಕವಾಯಿತು. ಮುದುಕಿಯ ಪ್ರಶ್ನೆಯನ್ನು ನಾನೂ ಮರೆತೆ.

ಅದನ್ನು ಮರಳಿ ನೆನಪಿಗೆ ತಂದವರು ಯಶ್‌ಪಾಲರೇ. 1990ರ ದಶಕದಲ್ಲಿ ದೂರದರ್ಶನದಲ್ಲಿ ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನದ ಕಾರ್ಯಕ್ರಮವು ಬರುತ್ತಿತ್ತು. ನಮ್ಮ ಗಿರೀಶ ಕಾರ್ನಾಡರು ಅದನ್ನು ನಿರೂಪಿಸುತ್ತಿದ್ದುದರಿಂದ ಕನ್ನಡಿಗರಿಗೆ ಅದರಲ್ಲಿ ಒಂದು ಬಗೆಯ ಸಲಿಗೆ. ಅದರಲ್ಲಿ ನೋಡುಗರು ಬರೆದು ಕಳಿಸಿದ ಪ್ರಶ್ನೆಗಳಿಗೆ ನರೆತ ಕೂದಲಿನ ಯಶ್‌ಪಾಲರು ಉತ್ತರಿಸುತ್ತಿದ್ದರು. ಪ್ರಶ್ನೆ ಎಷ್ಟೇ ಸಣ್ಣದಿರಲಿ, ಮನೆಗೆ ಬಂದ ಅತಿಥಿಗೆ ಮಣೆ ಹಾಕುವಂತೆ ಅದನ್ನು ಬರಮಾಡಿಕೊಳ್ಳುವರು. ಕಣ್ಣು ಅರಳುವುದು, ಕೈಗಳು ಗಾಳಿಯಲ್ಲಿ ಗೋಲ ಬರೆಯುವುವು. ಮಾತನಾಡುವ ಪೆಟ್ಟಿಗೆಯು ಆಗ ಕೇಳಿಸಿಕೊಳ್ಳುವ ಪೆಟ್ಟಿಗೆಯೂ ಆಯಿತು. ಮುದುಕಿ ಕೇಳಿದ್ದು ಇದನ್ನೇ ಅಲ್ಲವೆ?

1980ರ ಫೆಬ್ರವರಿ 16ರ ಸೂರ್ಯಗ್ರಹಣವನ್ನು ನಾನು ಕಂಡಿಲ್ಲ. ಪೂರ್ಣಗ್ರಹಣದ ಹಾದಿ ನಮ್ಮ ಉತ್ತರ ಕರ್ನಾಟಕದ ಮೇಲೆಯೇ ಹಾದುಹೋದರೂ ಬಬಲೇಶ್ವರದ ನಮ್ಮ ಮನೆಯಲ್ಲಿ ಕದವಿಕ್ಕಿ, ನೀರಿನ ಕೊಡದ ಮೇಲೆ ದರ್ಭೆ ಇಟ್ಟು ಕುಳಿತಿದ್ದೆವು. 1995ರ ಅಕ್ಟೋಬರ್ 24ರಂದು, ದೀಪಾವಳಿಯ ಅಮಾವಾಸ್ಯೆಗೆ, ಮತ್ತೆ ಗ್ರಹಣ. ಹಬ್ಬಕ್ಕೆಂದು ತಿಕೋಟಾದಿಂದ ಬಂದಿದ್ದ ನಮ್ಮ ಸೋದರತ್ತೆಯವರು ವಿಜಯಪುರದ ನಮ್ಮ ಮನೆಯಲ್ಲಿ ಉಪವಾಸವಿದ್ದೇ ದೂರದರ್ಶನದ ಮುಂದೆ ಕುಳಿತರು. ಉತ್ತರ ಭಾರತದ ಪೂರ್ಣಗ್ರಹಣದ ನೇರ ಪ್ರಸಾರ, ಯಶ್‌ಪಾಲರ ವಿವರಣೆ. ಸೂರ್ಯನ ಅಂಚಿನಲ್ಲಿ ವಜ್ರದುಂಗುರ ಮಿನುಗಿತು. ಅತ್ತೆಯವರು ಕೈಮುಗಿದರು; ಆಮೇಲೆ ನನ್ನತ್ತ ತಿರುಗಿ, “ಅಷ್ಟ ಸಣ್ಣ ಚಂದ್ರಾಮ ಅಷ್ಟ ದೊಡ್ಡ ಸೂರ್ಯಾನ ಹ್ಯಾಂಗ ಮುಚ್ಚತಾನೋ ತಮ್ಮಾ?” ಎಂದರು.

ಈ ಸಲ ನಾನು ನಗಲಿಲ್ಲ, ಉತ್ತರವೂ ತಿಳಿದಿರಲಿಲ್ಲ. ಭೌತಶಾಸ್ತ್ರದ ಸಹೋದ್ಯೋಗಿಯನ್ನು ಕೇಳಿಕೊಂಡು ಬಂದೆ. ಸೂರ್ಯನ ಅಡ್ಡಳತೆ ಚಂದ್ರನದಕ್ಕಿಂತ ಸುಮಾರು 400 ಪಟ್ಟು ದೊಡ್ಡದು. ದೂರವೂ ಹೆಚ್ಚು ಕಡಿಮೆ ಅಷ್ಟೇ ಪಟ್ಟು. ಆದುದರಿಂದ ನಮ್ಮ ಕಣ್ಣಿಗೆ ಇಬ್ಬರೂ ಸಮಾನರು. ಅತ್ತೆಯವರು ತಮ್ಮ ಹೆಬ್ಬೆರಳನ್ನು ಕಣ್ಣಿನ ಮುಂದೆ ಹಿಡಿದು, ಕಿಟಕಿಯಾಚೆಯ ಗೋಳಗುಮ್ಮಟವನ್ನು ಮರೆಮಾಡಿ ನೋಡಿ, “ಹೌದು ಬಿಡು” ಎಂದರು. ಪಾಠ ಅವರಿಗಾಗಿತ್ತೋ ನನಗೋ!

ಯಶ್‌ಪಾಲರ ಅಧ್ಯಕ್ಷತೆಯ ಸಮಿತಿಯು 1993ರಲ್ಲಿ ಸಲ್ಲಿಸಿದ ‘ಹೊರೆಯಿಲ್ಲದ ಕಲಿಕೆ’ ಎಂಬ ವರದಿಯ ತಿರುಳೂ ಇದೇ. ಮಗುವಿನ ಬೆನ್ನ ಮೇಲಿನ ಪುಸ್ತಕದ ಹೊರೆಗಿಂತ, ತಿಳಿಯದೆ ಬಾಯಿಪಾಠ ಮಾಡುವ ಹೊರೆಯೇ ಭಾರವಾದುದೆಂದು ಅದು ಎಚ್ಚರಿಸಿತು. ಅದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಹಳಗನ್ನಡದ ತರಗತಿಯಲ್ಲಿ ಎಷ್ಟೋ ಹುಡುಗರು ಎದ್ದು ನಿಂತಾಗ, “ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೊ” ಎಂದವನು ನಾನೇ. ಆ ಪ್ರಶ್ನೆಗಳು ಇಂದು ಎಲ್ಲಿವೆಯೋ!

ಯಶ್‌ಪಾಲರು 2017ರ ಜುಲೈ 24ರಂದು ನಮ್ಮನ್ನಗಲಿದರು. ಇಂದು ಅಂಗೈಯಲ್ಲಿಯೇ ತೆರೆಗಳಿವೆ, ಮಾತಿಗೆ ಬರವಿಲ್ಲ. ಆದರೆ ಶಾಲೆಯ ಅಂಗಳದ ಆ ಮುದುಕಿ ಕೇಳಿದ ಪ್ರಶ್ನೆ ಹಾಗೆಯೇ ಉಳಿದಿದೆ. ನಾವು ಕೇಳಿದ್ದು ಆಚೆ ಇರುವವರಿಗೆ ಕೇಳಿಸುತ್ತದೆಯೆ? ಕೇಳಿಸುತ್ತದೆ ಎಂದು ಒಂದು ಕಾಲಕ್ಕೆ ಧೈರ್ಯ ಕೊಟ್ಟವರು ಅವರು. ಅವರಿಗೆ ನನ್ನ ನಮಸ್ಕಾರ.