ತೊಡೆ ತಟ್ಟಿದ ಅಧ್ಯಕ್ಷ: ಪೋಲ್ಕ್ ಅವರ ನಾಲ್ಕು ಗುರಿಗಳ ಕಥೆ ಎಷ್ಟು ಗಟ್ಟಿ?

ಅಮೆರಿಕದ ಅಧ್ಯಕ್ಷರಾಗಿದ್ದ ಜೇಮ್ಸ್ ಕೆ. ಪೋಲ್ಕ್ ಬಗ್ಗೆ ಬರೆಯಲು ಕೂತವರು ಒಂದು ಕಥೆಯನ್ನು ಬಿಟ್ಟಿದ್ದೇ ಇಲ್ಲ. 1845ರಲ್ಲಿ ಅಧಿಕಾರಕ್ಕೆ ಬಂದ ಹೊಸತರಲ್ಲಿ ಅವರು ನೌಕಾ ಖಾತೆಯ ಸಚಿವ ಜಾರ್ಜ್ ಬ್ಯಾಂಕ್ರಾಫ್ಟ್ ಎದುರು ತಮ್ಮ ಆಡಳಿತದ ನಾಲ್ಕು ಗುರಿಗಳನ್ನು ಹೇಳಿಕೊಂಡರಂತೆ. ಆಮದು ಸುಂಕ ಇಳಿಸುವುದು, ಸರ್ಕಾರದ ಹಣವನ್ನು ಬ್ಯಾಂಕುಗಳಿಂದ ಬಿಡಿಸಿ ಸ್ವತಂತ್ರ ಖಜಾನೆಯಲ್ಲಿಡುವುದು, ಆರೆಗನ್ ಗಡಿಯ ತಂಟೆಯನ್ನು ಬ್ರಿಟನ್ ಜೊತೆ ತೀರಿಸಿಕೊಳ್ಳುವುದು, ಕ್ಯಾಲಿಫೋರ್ನಿಯಾವನ್ನು ಪಡೆಯುವುದು. ಕೆಲವು ಜೀವನಚರಿತ್ರೆಗಳಲ್ಲಿ ಅಧ್ಯಕ್ಷರು ಈ ಮಾತಿಗೆ ತೊಡೆಯನ್ನೂ ತಟ್ಟುತ್ತಾರೆ. ನಾಲ್ಕು ವರ್ಷ, ನಾಲ್ಕು ಗುರಿ, ನಾಲ್ಕೂ ಕೈಗೂಡಿದವು. ಮೊದಲೇ ಕೊಟ್ಟ ಮಾತಿನಂತೆ ಎರಡನೇ ಅವಧಿಗೆ ನಿಲ್ಲದೆ ಟೆನೆಸ್ಸಿಗೆ ಮರಳಿದರು. ಬರೆಯುವವರಿಗೆ ಇಷ್ಟು ಅನುಕೂಲದ ಚೌಕಟ್ಟು ಇನ್ನೆಲ್ಲಿ ಸಿಕ್ಕೀತು? ವಾಲ್ಟರ್ ಬೋರ್ನ್‌ಮನ್ (2008), ರಾಬರ್ಟ್ ಮೆರಿ (2009) ಇಬ್ಬರೂ ಅದನ್ನು ಬಳಸಿಕೊಂಡರು. ಅವರದಿರಲಿ, ಎರಡು ಸಂಪುಟಗಳ ಜೀವನಚರಿತ್ರೆ ಬರೆದ ಚಾರ್ಲ್ಸ್ ಸೆಲರ್ಸ್‌ರಂಥ ಸೂಕ್ಷ್ಮ ವಿದ್ವಾಂಸರೂ ಇದನ್ನು ಒಪ್ಪಿಕೊಂಡದ್ದು ಸೋಜಿಗ.

ಈ ಚೌಕಟ್ಟು ನಿಂತಿರುವುದು ಒಬ್ಬನೇ ಸಾಕ್ಷಿಯ ನೆನಪಿನ ಮೇಲೆ. ಕಥೆಯನ್ನು ಅಚ್ಚಿಗೆ ತಂದವರು ಇತಿಹಾಸಕಾರ ಜೇಮ್ಸ್ ಷೌಲರ್. ಅವರಿಗಿದ್ದ ಆಧಾರ 1887ರಲ್ಲಿ ಬ್ಯಾಂಕ್ರಾಫ್ಟ್ ಬರೆದ ಪತ್ರ. ಆಗ ಬ್ಯಾಂಕ್ರಾಫ್ಟ್‌ಗೆ 86 ವರ್ಷ. ಮಾತು ನಡೆದು 42 ವರ್ಷ ಕಳೆದಿತ್ತು. ಪೋಲ್ಕ್ 1849ರ ಜೂನ್ 15ರಂದು, ಅಧಿಕಾರ ಬಿಟ್ಟ ಮೂರು ತಿಂಗಳಿಗೆ, ನ್ಯಾಶ್ವಿಲ್‌ನಲ್ಲಿ ಕಾಲರಾದಿಂದ ತೀರಿಕೊಂಡಿದ್ದರಿಂದ ಹೌದು, ಅಲ್ಲ ಎನ್ನಲು ಇನ್ನೊಬ್ಬರಿರಲಿಲ್ಲ. 2014ರಲ್ಲಿ ಟಾಮ್ ಚಾಫಿನ್ ಒಂದಿಡೀ ಪುಸ್ತಕದಲ್ಲಿ ಈ ಕಥೆಯ ಹುಟ್ಟನ್ನೇ ಪ್ರಶ್ನಿಸಿದರು. ಆ ಪ್ರಶ್ನೆ ಬರಲು ಅಷ್ಟು ಕಾಲ ಹಿಡಿದದ್ದೇ ಈ ಕ್ಷೇತ್ರದ ಸೋಮಾರಿತನಕ್ಕೆ ಪುರಾವೆ. (ಪೋಲ್ಕ್ ಪತ್ರವ್ಯವಹಾರವನ್ನು 1969ರಿಂದ ಸಂಪುಟ ಸಂಪುಟವಾಗಿ ಹೊರತಂದ ಟೆನೆಸ್ಸಿಯ ಸಂಪಾದಕರ ಶ್ರಮವನ್ನು ಪಕ್ಕಕ್ಕಿಟ್ಟು ಬರೆಯುವವರಿಗೆ ಈ ಮಾತು ಕಟುವೆನಿಸಿದರೆ ಎನಿಸಲಿ.)

ಸಾಕ್ಷಿ ಮುದುಕ ಎಂಬ ಒಂದೇ ಕಾರಣಕ್ಕೆ ಸಾಕ್ಷ್ಯವನ್ನು ತಳ್ಳಿಹಾಕಲಾಗದು. ಕಥೆಯ ಪರವಾಗಿಯೂ ಬಲವಾದ ಆಧಾರಗಳಿವೆ. ಪೆಸಿಫಿಕ್‌ನಲ್ಲಿದ್ದ ನೌಕಾಪಡೆಯ ಮುಖ್ಯಸ್ಥ ಜಾನ್ ಸ್ಲೋಟ್‌ಗೆ, ಮೆಕ್ಸಿಕೊ ಜೊತೆ ಯುದ್ಧವಾದರೆ ಸ್ಯಾನ್ ಫ್ರಾನ್ಸಿಸ್ಕೊವನ್ನು ವಶಪಡಿಸಿಕೊಳ್ಳಿ ಎಂದು 1845ರ ಜೂನ್ 24ರಂದೇ ಆದೇಶ ಹೋಗಿತ್ತು. ಕಳಿಸಿದವರು ಇದೇ ಬ್ಯಾಂಕ್ರಾಫ್ಟ್. ಅಕ್ಟೋಬರ್ 24ರಂದು ಸೆನೆಟರ್ ಥಾಮಸ್ ಹಾರ್ಟ್ ಬೆಂಟನ್ ಜೊತೆ ಮಾತಾಡುತ್ತ, ಕ್ಯಾಲಿಫೋರ್ನಿಯಾದ ಮೇಲೆ ಬ್ರಿಟನ್ನಿನ ಕಣ್ಣಿದೆ ಎಂದು ಪೋಲ್ಕ್ ಹೇಳಿದ್ದು ಅವರ ದಿನಚರಿಯಲ್ಲೇ ಇದೆ. ನವೆಂಬರ್‌ನಲ್ಲಿ ಜಾನ್ ಸ್ಲೈಡೆಲ್‌ರನ್ನು ಹಣ ಕೊಟ್ಟು ಕೊಳ್ಳುವ ಪ್ರಸ್ತಾಪದೊಂದಿಗೆ ಮೆಕ್ಸಿಕೊಗೆ ಕಳಿಸಲಾಯಿತು. ಆಸೆ ಇತ್ತು, ಅದು ಬೇಗನೆ ಇತ್ತು. ಇಷ್ಟನ್ನೂ ಕಥೆಯ ಪಾಲಿಗೆ ಬಿಟ್ಟುಕೊಡಬೇಕು.

ದಿನಚರಿಯ ಮೌನವನ್ನು ಕಥೆಯ ವಿರುದ್ಧ ಬಳಸುವವರೂ ತುಸು ನಿಧಾನಿಸಬೇಕು. ಅದು ಶುರುವಾಗುವುದು 1845ರ ಆಗಸ್ಟ್ 26ಕ್ಕೆ, ಆರೆಗನ್ ವಿಷಯದಲ್ಲಿ ವಿದೇಶಾಂಗ ಸಚಿವ ಜೇಮ್ಸ್ ಬ್ಯುಕ್ಯಾನನ್ ಜೊತೆ ಜಟಾಪಟಿಯಾದ ದಿನ. ಮಾರ್ಚ್‌ನ ಮಾತು ಅದರಲ್ಲಿ ಸಿಗದಿದ್ದರೆ ಅಚ್ಚರಿಯೇನಿಲ್ಲ.

ಹಾಗಾದರೆ ತಕರಾರು ಎಲ್ಲಿದೆ? 1845ರ ಮಾರ್ಚ್ 4ರಂದು ಸುರಿಮಳೆಯಲ್ಲಿ ಪೋಲ್ಕ್ ಮಾಡಿದ ಪ್ರಮಾಣವಚನದ ಭಾಷಣವನ್ನು ತೆಗೆದು ನೋಡಬೇಕು. ಸುಂಕದ ಮಾತಿದೆ, ರಾಷ್ಟ್ರೀಯ ಬ್ಯಾಂಕ್ ಬೇಡವೆಂಬ ಮಾತಿದೆ, ಆರೆಗನ್ ಮೇಲೆ ತಮ್ಮ ಹಕ್ಕು ಪ್ರಶ್ನಾತೀತ ಎಂಬ ಘೋಷಣೆಯಿದೆ. ಕ್ಯಾಲಿಫೋರ್ನಿಯಾದ ಹೆಸರಿಲ್ಲ. ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ, ಸರಿ. ಆದರೆ ಭಾಷಣದಲ್ಲಿ ಉದ್ದಕ್ಕೆ ಬರುವ ಟೆಕ್ಸಸ್ ನಾಲ್ಕರ ಪಟ್ಟಿಯಲ್ಲಿ ಏಕಿಲ್ಲ? ಹಿಂದಿನ ಅಧ್ಯಕ್ಷ ಜಾನ್ ಟೈಲರ್ ವಿಲೀನದ ನಿರ್ಣಯಕ್ಕೆ ಮಾರ್ಚ್ 1ರಂದೇ ಸಹಿ ಹಾಕಿದ್ದರು ಎಂಬುದು ಸಿದ್ಧ ಉತ್ತರ. ಆದರೆ ಟೈಲರ್ ಕಳಿಸಿದ ಪ್ರಸ್ತಾಪವನ್ನು ಮುಂದುವರಿಸಬೇಕೇ ಬೇಡವೇ ಎಂಬುದು ಹೊಸ ಸಂಪುಟದ ಮೊದಲ ತಲೆನೋವಾಗಿತ್ತು. ಟೆಕ್ಸಸ್ ರಾಜ್ಯವಾಗಿ ಸೇರಿದ್ದು ಡಿಸೆಂಬರ್ 29ಕ್ಕೆ. 1845ರಲ್ಲಿ ನಿಂತು ನೋಡಿದವನ ಪಟ್ಟಿಯಿಂದ ಟೆಕ್ಸಸ್ ಜಾರುವುದು ಕಷ್ಟ. 1887ರಿಂದ ತಿರುಗಿ ನೋಡಿದವನಿಗೆ ಅದು ಟೈಲರ್ ಖಾತೆಯ ಹಳೇ ಲೆಕ್ಕ.

ಇನ್ನೊಂದು ದಾಖಲೆಯನ್ನು ಬ್ಯಾಂಕ್ರಾಫ್ಟ್ ನೆನಪಿನ ಪಕ್ಕದಲ್ಲಿಟ್ಟು ಓದಬೇಕು. ಅದು 1846ರ ಮೇ 9, ಶನಿವಾರದ ದಿನಚರಿ. ಅಂದು ಸಂಪುಟ ಸೇರಿದಾಗ ಗಡಿಯಲ್ಲಿ ಗುಂಡು ಹಾರಿದ ಸುದ್ದಿ ವಾಷಿಂಗ್ಟನ್‌ಗೆ ಇನ್ನೂ ತಲುಪಿರಲಿಲ್ಲ. ಆದರೂ ಕಾಂಗ್ರೆಸ್‌ಗೆ ಯುದ್ಧದ ಸಂದೇಶ ಕಳಿಸಬೇಕೇ ಎಂದು ಪೋಲ್ಕ್ ಸಚಿವರ ಅಭಿಪ್ರಾಯ ಕೇಳಿದರು. ಮೆಕ್ಸಿಕೊ ಮೊದಲು ಕೈಮಾಡಿದ್ದರೆ ತನಗೆ ಹೆಚ್ಚು ಸಮಾಧಾನವಿರುತ್ತಿತ್ತು ಎನ್ನುತ್ತಲೇ ಬ್ಯುಕ್ಯಾನನ್ ಒಪ್ಪಿದರು. ಒಪ್ಪದೆ ಉಳಿದವರು ಒಬ್ಬರೇ, ಬ್ಯಾಂಕ್ರಾಫ್ಟ್. ಸಂಜೆ ಆರರ ಸುಮಾರಿಗೆ ಜನರಲ್ ಝಾಕರಿ ಟೇಲರ್ ಅವರ ವರದಿ ಬಂತು: ರಿಯೊ ಗ್ರಾಂಡೆಯ ಬಳಿ 63 ಜನರ ಅಶ್ವದಳ ಮೆಕ್ಸಿಕೊ ಸೇನೆಯ ಸುತ್ತುವರಿಕೆಗೆ ಸಿಕ್ಕಿದೆ, 16 ಮಂದಿ ಸತ್ತೋ ಗಾಯಗೊಂಡೋ ಬಿದ್ದಿದ್ದಾರೆ. ಏಳೂವರೆಗೆ ಸಂಪುಟ ಮತ್ತೆ ಸೇರಿತು, ಈ ಸಲ ಎಲ್ಲರೂ ಒಂದೇ ಮಾತು. ಮರುದಿನ ಭಾನುವಾರ ಚರ್ಚಿಗೆ ಹೋದ ಹೊತ್ತು ಬಿಟ್ಟು ಉಳಿದದ್ದೆಲ್ಲ ಸಂದೇಶ ಬರೆಯುವುದಕ್ಕೇ ಹೋಯಿತು. ಪವಿತ್ರ ದಿನ ಹೀಗಾಯಿತಲ್ಲ ಎಂದು ಪೋಲ್ಕ್ ಪೇಚಾಡಿಕೊಂಡಿದ್ದಾರೆ. ಸೋಮವಾರ ಸಂದೇಶ ಹೋಯಿತು. ಮೇ 13ಕ್ಕೆ ಯುದ್ಧ ಘೋಷಣೆಯಾಯಿತು.

ಅಧ್ಯಕ್ಷರು ಕ್ಯಾಲಿಫೋರ್ನಿಯಾವನ್ನು ಮೊದಲ ದಿನದಿಂದಲೇ ಗುರಿಯಾಗಿಟ್ಟುಕೊಂಡಿದ್ದರೆಂದು ಬ್ಯಾಂಕ್ರಾಫ್ಟ್‌ಗೆ ಅಷ್ಟು ಖಚಿತವಾಗಿ ಗೊತ್ತಿದ್ದರೆ, ಆ ಶನಿವಾರದ ಅವರ ಹಿಂಜರಿಕೆಯನ್ನು ಹೇಗೆ ಓದುವುದು? ಗುರಿ ಗೊತ್ತಿದ್ದೂ ದಾರಿ ಒಪ್ಪದಿರಬಹುದು ಎಂಬ ಸಮರ್ಥನೆಗೆ ಜಾಗವಿದೆ. ಆದರೆ 1887ರ ಪತ್ರದಲ್ಲಿ ದಾರಿಯ ಸುಳಿವೇ ಇಲ್ಲ. ಪಟ್ಟಿಯಲ್ಲಿ ಯುದ್ಧವಿಲ್ಲ, ಕ್ಯಾಲಿಫೋರ್ನಿಯಾ ಮಾತ್ರ ಇದೆ. ಪಟ್ಟಿ ಮುಚ್ಚಿಡುವುದು ಈ ದಾರಿಯನ್ನೇ. ನಾಲ್ಕು ಗುರಿಗಳ ಕಥೆಯನ್ನು ಪೂರ್ತಿ ಸುಳ್ಳೆಂದು ಸಾಧಿಸಲಾಗದು, ಸಾಧಿಸುವ ಅಗತ್ಯವೂ ಇಲ್ಲ. ಪೋಲ್ಕ್ ಆಡಳಿತವನ್ನು ಅಳೆಯುವ ಕೋಲಾಗಿ ಅದಕ್ಕೆ ಯೋಗ್ಯತೆಯಿಲ್ಲ ಎಂಬುದಷ್ಟೇ ಇಲ್ಲಿನ ವಾದ.

1846ರ ಬೇಸಿಗೆಯ ತಾರೀಕುಗಳನ್ನೇ ನೋಡಿದರೂ ಸಾಕು. ಜೂನ್ 15ರಂದು ಆರೆಗನ್ ಒಪ್ಪಂದಕ್ಕೆ ಸಹಿ ಬಿತ್ತು, ಗಡಿ 49ನೇ ಅಕ್ಷಾಂಶಕ್ಕೆ ನಿಂತಿತು. ಬ್ರಿಟನ್ನನ್ನು ನೇರ ದಿಟ್ಟಿಸಿ ನೋಡುವುದೊಂದೇ ದಾರಿ ಎಂದು ಜನವರಿಯಲ್ಲಿ ಸಂಸದರೊಬ್ಬರಿಗೆ ಹೇಳಿದ್ದ ಪೋಲ್ಕ್, ಲಂಡನ್ನಿನ ಕರಡು ಬಂದಾಗ ಮೊದಲು ಸೆನೆಟ್ಟಿನ ಸಲಹೆ ಕೇಳಿ ಹೊಣೆಯನ್ನು ಅತ್ತ ದಾಟಿಸಿದರು. ಆರೆಗನ್ ಇಡಿಯಾಗಿ ಬೇಕೆಂದಿದ್ದ ಪಶ್ಚಿಮದ ಡೆಮಾಕ್ರಟರು ಇದನ್ನು ದ್ರೋಹವೆಂದರು. ಜುಲೈ 30ಕ್ಕೆ ಸುಂಕದ ಕಾಯ್ದೆಗೆ ಸಹಿಯಾಯಿತು. ಸೆನೆಟ್‌ನಲ್ಲಿ ಅದನ್ನು ದಡ ಸೇರಿಸಿದ್ದು ಪೆನ್ಸಿಲ್ವೇನಿಯಾದವರೇ ಆದ ಉಪಾಧ್ಯಕ್ಷ ಜಾರ್ಜ್ ಡಲ್ಲಾಸ್ ಅವರ ಮತ. ಕಬ್ಬಿಣದ ಕುಲುಮೆಗಳ ಆ ರಾಜ್ಯ ಅವರ ಮೇಲೆ ಕೆಂಡ ಕಾರಿತು. ಆಗಸ್ಟ್ 3ಕ್ಕೆ ನದಿ ಮತ್ತು ಬಂದರುಗಳ ಮಸೂದೆಗೆ ವೀಟೊ. ಪಶ್ಚಿಮದವರಿಗೆ ಎರಡನೇ ಪೆಟ್ಟು. ಆಗಸ್ಟ್ 6ಕ್ಕೆ ಸ್ವತಂತ್ರ ಖಜಾನೆ. ಪಟ್ಟಿ ಹಿಡಿದವರು ಇಲ್ಲಿಗೆ ಮೂರಕ್ಕೆ ಗುರುತು ಹಾಕಿ ಮುಂದೆ ಹೋಗುತ್ತಾರೆ. ಆದರೆ ಎರಡೇ ದಿನದಲ್ಲಿ, ಆಗಸ್ಟ್ 8ರಂದು, ಮೆಕ್ಸಿಕೊದಿಂದ ಪಡೆಯುವ ನೆಲದಲ್ಲಿ ಗುಲಾಮಗಿರಿ ಕೂಡದು ಎಂಬ ತಿದ್ದುಪಡಿಯನ್ನು ಡೇವಿಡ್ ವಿಲ್ಮಟ್ ಮಂಡಿಸಿದರು. ಆತ ವಿರೋಧಿಯಲ್ಲ, ಪೋಲ್ಕ್ ಪಕ್ಷದವರೇ. ಕೆಳಮನೆಯ ಪೆನ್ಸಿಲ್ವೇನಿಯಾ ಡೆಮಾಕ್ರಟರ ಪೈಕಿ ಸುಂಕ ಇಳಿಕೆಗೆ ಮತ ಹಾಕಿದ್ದ ಒಬ್ಬನೇ ಸದಸ್ಯ. ಒಂದೊಂದು ಗೆಲುವೂ ಒಂದೊಂದು ಬಣಕ್ಕೆ ಮುನಿಸು ತಂದಿತ್ತು.

ಗುಲಾಮಗಿರಿಗೂ ಯುದ್ಧಕ್ಕೂ ಏನು ಸಂಬಂಧವೆಂದು ಪೋಲ್ಕ್ ದಿನಚರಿಯಲ್ಲಿ ಗೊಣಗಿದ್ದಾರೆ. ಶ್ವೇತಭವನದಲ್ಲಿದ್ದುಕೊಂಡೇ ಅವರು ಮಿಸಿಸಿಪಿಯ ತಮ್ಮ ಹತ್ತಿ ತೋಟಕ್ಕೆ ಗುಟ್ಟಾಗಿ ಗುಲಾಮರನ್ನು, ಹೆಚ್ಚಾಗಿ ಎಳೆಯ ಮಕ್ಕಳನ್ನು, ಖರೀದಿಸುತ್ತಿದ್ದುದನ್ನು ವಿಲಿಯಂ ಡುಸಿನ್‌ಬೆರ್ ತಮ್ಮ ಪುಸ್ತಕದಲ್ಲಿ ದಾಖಲೆ ಸಮೇತ ತೋರಿಸಿದ್ದಾರೆ. ನಾಲ್ಕರ ಪಟ್ಟಿಯನ್ನು ಮೆಚ್ಚುವವರು ಆ ಪುಸ್ತಕವನ್ನು ಇನ್ನಷ್ಟು ಗಮನವಿಟ್ಟು ಓದಿದ್ದರೆ ಒಳ್ಳೆಯದಿತ್ತು.

ಇನ್ನು ಕ್ಯಾಲಿಫೋರ್ನಿಯಾ ದಕ್ಕಿದ ಬಗೆ. ಸಂಧಾನಕ್ಕೆ ಹೋಗಿದ್ದ ನಿಕೊಲಸ್ ಟ್ರಿಸ್ಟ್‌ರನ್ನು ಪೋಲ್ಕ್ 1847ರ ಅಕ್ಟೋಬರ್‌ನಲ್ಲಿ ವಾಪಸ್ ಕರೆಸಿದರು. ಆದೇಶ ಕೈಸೇರಿದರೂ ಟ್ರಿಸ್ಟ್ ಹೊರಡಲಿಲ್ಲ. ಅಧಿಕಾರವಿಲ್ಲದ ಆ ರಾಯಭಾರಿಯೇ 1848ರ ಫೆಬ್ರುವರಿ 2ರಂದು ಗ್ವಾಡಲೂಪೆ ಹಿಡಾಲ್ಗೊದಲ್ಲಿ ಸಹಿ ಹಾಕಿ, ಒಂದೂವರೆ ಕೋಟಿ ಡಾಲರ್‌ಗೆ ಕ್ಯಾಲಿಫೋರ್ನಿಯಾ ಸೇರಿದಂತೆ ವಿಶಾಲ ಭೂಭಾಗವನ್ನು ತಂದುಕೊಟ್ಟರು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಕೆಳಮನೆ, ಅಧ್ಯಕ್ಷರು ಯುದ್ಧವನ್ನು ಅನಗತ್ಯವಾಗಿ, ಸಂವಿಧಾನಬಾಹಿರವಾಗಿ ಶುರುಮಾಡಿದರೆಂದು 85–81 ಮತಗಳಿಂದ ಹೇಳಿತ್ತು. ಪರವಾಗಿ ಮತ ಹಾಕಿದವರಲ್ಲಿ ಹೊಸ ಸದಸ್ಯ ಅಬ್ರಹಾಂ ಲಿಂಕನ್ ಕೂಡ ಇದ್ದರು. ಅಂಥ ಸದನ ಯುದ್ಧ ಮುಂದುವರಿಸಲು ಹಣ ಕೊಡುವುದು ಅನುಮಾನವಾಗಿದ್ದರಿಂದ, ಟ್ರಿಸ್ಟ್‌ರನ್ನು ದಿನಚರಿಯಲ್ಲಿ ಬಾಯಿಗೆ ಬಂದಂತೆ ಬೈದ ಪೋಲ್ಕ್ ಅವರದೇ ಒಪ್ಪಂದವನ್ನು ಸೆನೆಟ್‌ಗೆ ಕಳಿಸಿದರು. ಮಾರ್ಚ್ 10ರಂದು 38–14 ಮತಗಳಿಂದ ಅದು ಅಂಗೀಕಾರವಾಯಿತು. ವಾಪಸ್ ಕರೆಸಿದ ಮೇಲೆ ಮಾಡಿದ ಕೆಲಸಕ್ಕೆ ಟ್ರಿಸ್ಟ್‌ಗೆ ಸಂಬಳ ನಿರಾಕರಿಸಲಾಯಿತು. ಬಾಕಿ ಹಣ ಕೊಡಲು ಕಾಂಗ್ರೆಸ್ ಒಪ್ಪಿದ್ದು 1871ರಲ್ಲಿ.